ಕೊಳೆತ ಶವದ ಡಿಎನ್‌ಎ ವರದಿ ಕೋರ್ಟಿನಲ್ಲಿ ಕೈಕೊಟ್ಟರೆ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

"ಮೇಡಂ, ಡಿಎನ್‌ಎ ನೆಗೆಟಿವ್ ಬಂದಿದೆ. ಕೇಸು ಬಿದ್ದುಹೋಯ್ತು ಅಲ್ವಾ?"

ಕೆರೆಯಲ್ಲೋ ಕಾಡಿನಲ್ಲೋ ಪಾಳು ಬಾವಿಯಲ್ಲೋ ಶವ ಸಿಕ್ಕ ಕೇಸುಗಳ ಬಗ್ಗೆ ನನಗೆ ಬರುವ ಫೋನುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ನಾನು ವರ್ಷಗಟ್ಟಲೆ ಲ್ಯಾಬಿನ ಡಿಎನ್‌ಎ ವಿಭಾಗದಲ್ಲಿ ಮೂಳೆ ಉಜ್ಜಿದವಳು. ಈಗ ವಕೀಲರಿಗೆ, ಒಮ್ಮೊಮ್ಮೆ ತನಿಖಾಧಿಕಾರಿಗಳಿಗೆ ವರದಿ ಓದಿ ಬಿಡಿಸಿ ಹೇಳುತ್ತೇನೆ. ಫೋನು ಬಂದಾಗ ನಾನು ಮೊದಲು ಹೇಳುವುದು ಒಂದೇ ಮಾತು: ವರದಿಯ ಕೊನೆಯ ಪ್ಯಾರಾ ಇದ್ದ ಹಾಗೇ ಓದಿ.

ಅಲ್ಲಿ "ಹೊಂದುವುದಿಲ್ಲ" ಅಂತ ಇದೆಯಾ? "ಪ್ರೊಫೈಲ್ ಸಿಗಲಿಲ್ಲ", ಅಂದರೆ ಗುರುತು ಹಿಡಿಯುವ ಡಿಎನ್‌ಎ ಸಂಖ್ಯೆಗಳ ಪಟ್ಟಿ ಸಿಗಲಿಲ್ಲ, ಅಂತ ಇದೆಯಾ? ಎರಡಕ್ಕೂ ನಾವು ಸುಮ್ನೆ "ನೆಗೆಟಿವ್" ಅಂದುಬಿಡುತ್ತೇವೆ. ಆದರೆ ಮೊದಲನೆಯದು ಒಂದು ಉತ್ತರ. ಈ ಶವ ಹೋಲಿಕೆಗೆ ರಕ್ತ ಕೊಟ್ಟ ತಾಯಿಯ ಮಗನದಲ್ಲ ಎಂದು ಲ್ಯಾಬ್ ಹೇಳುತ್ತಿದೆ. ಎರಡನೆಯದರಲ್ಲಿ ಉತ್ತರವೇ ಇಲ್ಲ. ಅದು ಮಗನದೂ ಆಗಿರಬಹುದು, ಬೇರೆಯವರದೂ ಆಗಿರಬಹುದು. ಕೊಳೆತ ಶವದ ಕೇಸುಗಳಲ್ಲಿ ನಾನು ನೋಡಿದ ದೊಡ್ಡ ತಪ್ಪು ಈ ಎರಡನ್ನು ಒಂದೇ ಮಾಡಿಬಿಡುವುದು. ಆರೋಪಿ ಪರ ವಕೀಲರು ಮಾಡುತ್ತಾರೆ, ಪ್ರಾಸಿಕ್ಯೂಷನ್ ಕೂಡ ಮಾಡುತ್ತದೆ. ಹಾಗಾಗಿ ಮೊದಲು ನಿಮ್ಮ ವರದಿ ಕೆಳಗಿನ ಯಾವ ಗುಂಪಿಗೆ ಸೇರುತ್ತದೆ ಅಂತ ನೋಡಿಕೊಳ್ಳಿ.

ಪ್ರೊಫೈಲೇ ಸಿಗಲಿಲ್ಲ ಅಂದಿದ್ದರೆ

ಒಂದು ಕೇಸು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆರೆಯಲ್ಲಿ ಸಿಕ್ಕ ಶವ. ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಆಗಿತ್ತು. ತೊಡೆಮೂಳೆಯ ತುಂಡನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಬಿಗಿದು, ಮೇಲೆ ಬಟ್ಟೆ ಸುತ್ತಿ ಅರಗಿನ ಸೀಲು ಹಾಕಿದ್ದರು. ಸೀಲು ಅಚ್ಚುಕಟ್ಟಾಗಿತ್ತು. ಕವರು ಬಿಚ್ಚಿದರೆ ತಳದಲ್ಲಿ ಎರಡು ಚಮಚೆಯಷ್ಟು ಕಂದು ನೀರು, ಮೂಳೆಯ ಮೇಲೆ ಬೂದು ಬಣ್ಣದ ಬೂಸ್ಟು. ಪೋಸ್ಟ್‌ಮಾರ್ಟಮ್ ಆಗಿ ಮೂರು ವಾರ ಕಳೆದಿತ್ತು. ಆ ಮೂರು ವಾರ ಅದು ಫ್ರಿಡ್ಜ್ ಕಂಡಿರಲಿಲ್ಲ. ಪ್ರೊಫೈಲ್ ಬರಲಿಲ್ಲ.

ಅಲ್ಲಿ ಏನಾಯ್ತು ಅಂತ ಹೇಳುತ್ತೇನೆ. ಸತ್ತ ಮೇಲೆ ಜೀವಕೋಶದ ಒಳಗಿನ ಕಿಣ್ವಗಳೇ ಡಿಎನ್‌ಎಯನ್ನು ಕತ್ತರಿಸಲು ಶುರುಮಾಡುತ್ತವೆ. ಆಮೇಲೆ ಬ್ಯಾಕ್ಟೀರಿಯಾ ಬರುತ್ತವೆ. ಉಳಿದದ್ದನ್ನು ನೀರು, ಶಾಖ ಮತ್ತು ಆಮ್ಲಜನಕ ನಿಧಾನವಾಗಿ ಮುರಿಯುತ್ತವೆ. ವಿಧಿವಿಜ್ಞಾನದಲ್ಲಿ ಕ್ಯಾಸ್ಪರ್ ನಿಯಮ ಅಂತ ಒಂದು ಹಳೆಯ ಲೆಕ್ಕ ಇದೆ. ಬಯಲಿನಲ್ಲಿ ಒಂದು ವಾರದಲ್ಲಿ ಶವ ಎಷ್ಟು ಕೊಳೆಯುತ್ತದೋ, ಅಷ್ಟು ಕೊಳೆಯಲು ನೀರಿನಲ್ಲಿ ಎರಡು ವಾರ, ಮಣ್ಣಿನಡಿ ಎಂಟು ವಾರ ಬೇಕು. ಇದು ಅಂದಾಜು ಮಾತ್ರ. ಆದರೂ ಹೂತ ಶವದಿಂದ ವರ್ಷಗಳ ನಂತರ ಡಿಎನ್‌ಎ ಸಿಕ್ಕು, ಬಯಲಿನಲ್ಲಿ ಬಿದ್ದ ಶವದಿಂದ ತಿಂಗಳಲ್ಲೇ ಸಿಗದೆ ಹೋಗುವುದು ಯಾಕೆ ಅಂತ ಇದರಿಂದ ತಿಳಿಯುತ್ತದೆ. ಒದ್ದೆ ಮೂಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಕೊಳೆಯುವುದಕ್ಕೆ ಬೇಕಾದ ತೇವ, ಬಿಸಿ ಎರಡನ್ನೂ ನಾವೇ ಒದಗಿಸಿದಂತೆ. ಒಣಗಿಸಿ ಕಾಗದದಲ್ಲಿ ಸುತ್ತಿ ತಂಪಿನಲ್ಲಿ ಇಟ್ಟಿದ್ದರೆ ಅದೇ ಮೂಳೆ ಮಾತಾಡುತ್ತಿತ್ತೇನೋ.

ಇಂಥ ವರದಿ ಕೈಗೆ ಬಂದಾಗ ಮೊದಲು ಕೇಳಬೇಕಾದದ್ದು: ಏನು ಕಳಿಸಿದ್ದರು? ಕೊಳೆತ ಶವದ ಎದೆಗೂಡಿನ ರಕ್ತ ಕಳಿಸಿದ್ದರೆ ಫಲಿತಾಂಶ ಬರದಿರುವುದು ಆಶ್ಚರ್ಯವಲ್ಲ. ಅದರಲ್ಲಿ ಮನುಷ್ಯನ ಡಿಎನ್‌ಎಗಿಂತ ಬ್ಯಾಕ್ಟೀರಿಯಾದ್ದೇ ಜಾಸ್ತಿ. ಪಕ್ಕೆಲುಬು ಕಳಿಸಿದ್ದರೆ, ಅದು ತೆಳು, ಬೇಗ ಹಾಳಾಗುತ್ತದೆ. ತೊಡೆಮೂಳೆಯ ನಡುಭಾಗ, ತೂತು ಬೀಳದ ದವಡೆಹಲ್ಲು, ಕಿವಿಯ ಹಿಂದೆ ತಲೆಬುರುಡೆಯ ಒಳಗಿರುವ ಗಟ್ಟಿ ಮೂಳೆ, ಇವು ಕೊನೆಯವರೆಗೂ ಉಳಿಯುತ್ತವೆ. ಕಾಲಿನ ಉಗುರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಶವ ತೀರಾ ಕೊಳೆಯುವ ಮೊದಲು ತೆಗೆದರೆ ಅದೂ ಒಳ್ಳೆಯ ಸ್ಯಾಂಪಲ್.

ಎರಡನೆಯದು, ಯಾವುದರಲ್ಲಿ ಹಾಕಿ ಕಳಿಸಿದ್ದರು? ಶವಾಗಾರದಲ್ಲಿ ಫಾರ್ಮಲಿನ್ ಬಾಟಲಿ ಕೈಗೆ ಹತ್ತಿರ ಇರುತ್ತದೆ. ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಅದು ಸರಿ. ಡಿಎನ್‌ಎಗೆ ಅದು ವಿಷ. ಎಳೆಗಳನ್ನು ಒಂದಕ್ಕೊಂದು ಬೆಸೆದು, ಮುರಿದುಬಿಡುತ್ತದೆ. ಪೋಸ್ಟ್‌ಮಾರ್ಟಮ್ ವರದಿಯಲ್ಲಿ "ಫಾರ್ಮಲಿನ್‌ನಲ್ಲಿ ಸಂರಕ್ಷಿಸಿದೆ" ಅನ್ನುವ ಸಾಲು ಡಿಎನ್‌ಎ ಸ್ಯಾಂಪಲಿನ ಮುಂದೆ ಕಂಡರೆ ದೋಷ ಅಲ್ಲೇ ಸಿಕ್ಕಿತು ಅನ್ನಿ.

ಸ್ಯಾಂಪಲೂ ಸರಿ, ಇಟ್ಟ ರೀತಿಯೂ ಸರಿ ಅಂದರೆ ಲ್ಯಾಬಿನ ಒಳಗೆ ನೋಡಬೇಕು. ವರದಿಯ ಜೊತೆ ಬಾರದ ಒಂದು ಕಾಗದ ಇದೆ: ಡಿಎನ್‌ಎ ಎಷ್ಟಿದೆ ಅಂತ ಅಳೆದ ಹಾಳೆ. ಕೇಳಿ ತರಿಸಿಕೊಳ್ಳಿ. ಕ್ವಾಂಟಿಫೈಲರ್ ಟ್ರಯೊದಂಥ ಕಿಟ್ಟಿನಲ್ಲಿ 80 ಬೇಸ್ (ಡಿಎನ್‌ಎಯ ಒಂದೊಂದು ಅಕ್ಷರ) ಉದ್ದದ ಸಣ್ಣ ತುಂಡು ಎಷ್ಟಿದೆ, 214 ಬೇಸ್ ಉದ್ದದ ದೊಡ್ಡ ತುಂಡು ಎಷ್ಟಿದೆ ಅಂತ ಬೇರೆ ಬೇರೆ ಅಳೆಯುತ್ತಾರೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು ಡಿಗ್ರೇಡೇಷನ್ ಇಂಡೆಕ್ಸ್. ಅದು 1ರ ಹತ್ತಿರ ಇದ್ದರೆ ಡಿಎನ್‌ಎ ಇಡಿಯಾಗಿದೆ. 10 ದಾಟಿದರೆ ಚೂರುಚೂರಾಗಿದೆ. ಅದೇ ಹಾಳೆಯಲ್ಲಿ ಲ್ಯಾಬೇ ಸೇರಿಸಿದ ಒಂದು ಒಳಗಿನ ಕಂಟ್ರೋಲ್ ಇರುತ್ತದೆ. ಅದೂ ತಡವಾಗಿ ಬಂದಿದ್ದರೆ ಅಥವಾ ಬಂದೇ ಇಲ್ಲದಿದ್ದರೆ ದೋಷ ಬೇರೆ ಕಡೆ ಇದೆ. ಮಣ್ಣಿನ ಹ್ಯೂಮಿಕ್ ಆಮ್ಲವೋ, ರಕ್ತದ ಹೀಮೋ, ಮೂಳೆಯ ಕ್ಯಾಲ್ಸಿಯಮ್ಮೋ ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ಅನ್ನು ತಡೆಯುತ್ತಿದೆ ಅಂತ ಅರ್ಥ.

ಈ ವ್ಯತ್ಯಾಸ ಕೋರ್ಟಿಗೆ ಯಾಕೆ ಬೇಕು? ಡಿಎನ್‌ಎ ಚೂರಾಗಿದ್ದರೆ ಮೂಳೆಯಿಂದ ತೆಗೆದ ಅದೇ ಸಾರವನ್ನು ಸಣ್ಣ ತುಂಡುಗಳನ್ನೇ ಓದುವ ಮಿನಿ ಎಸ್‌ಟಿಆರ್ (ಎಸ್‌ಟಿಆರ್ ಅಂದರೆ ಡಿಎನ್‌ಎಯಲ್ಲಿ ಒಂದೇ ಸಣ್ಣ ತುಣುಕು ಮತ್ತೆ ಮತ್ತೆ ಬರುವ ಜಾಗ) ಕಿಟ್ಟಿನಲ್ಲಿ ಮತ್ತೆ ನೋಡಬಹುದು. ತಡೆ ಇದ್ದರೆ ಸಾರವನ್ನು ತೆಳು ಮಾಡಿ, ಇಲ್ಲವೇ ಸಿಲಿಕಾ ಕಾಲಮ್ಮಿನಲ್ಲಿ ಮತ್ತೊಮ್ಮೆ ತೊಳೆದು ಪ್ರಯತ್ನಿಸಬಹುದು. ಎರಡರಲ್ಲಿ ಒಂದನ್ನೂ ಮಾಡದೆ "ಸಿಗಲಿಲ್ಲ" ಅಂತ ಬರೆದಿದ್ದರೆ, ತಜ್ಞರನ್ನು ಕಟಕಟೆಯಲ್ಲಿ ಕೇಳಲು ನಿಮಗೆ ನ್ಯಾಯವಾದ ಪ್ರಶ್ನೆ ಸಿಕ್ಕಿತು.

ಅರ್ಧಂಬರ್ಧ ಪ್ರೊಫೈಲ್ ಬಂದಿದ್ದರೆ

ಜಾಸ್ತಿ ಜಗಳ ನಡೆಯುವುದು ಇಲ್ಲೇ. ತಪ್ಪು ಓದುವುದೂ ಇಲ್ಲೇ.

ಡಿಎನ್‌ಎ ಗ್ರಾಫ್ ಒಮ್ಮೆಯಾದರೂ ಕಣ್ಣಾರೆ ನೋಡಿ. ಎಡಗಡೆ ಸಣ್ಣ ತುಂಡುಗಳು, ಬಲಗಡೆ ದೊಡ್ಡವು. ತಾಜಾ ರಕ್ತದ ಗ್ರಾಫಿನಲ್ಲಿ ಗೋಪುರಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರ. ಕೊಳೆತ ಮೂಳೆಯ ಗ್ರಾಫ್ ಎಡದಿಂದ ಬಲಕ್ಕೆ ಘಟ್ಟ ಇಳಿದಂತೆ ಇಳಿಯುತ್ತದೆ. ಎಡಗಡೆ ದೊಡ್ಡ ಗೋಪುರಗಳು, ನಡುವೆ ಗಿಡ್ಡ, ಬಲತುದಿಯಲ್ಲಿ ನೆಲಕ್ಕಂಟಿದ ಗೆರೆ. ಈ ಇಳಿಜಾರು ಇದ್ದರೆ ಡಿಎನ್‌ಎ ಮುರಿದಿದೆ ಅಂತ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಈಗ ಒಂದು ಲೆಕ್ಕ ನೋಡೋಣ. ಪ್ರತಿ ಜಾಗದಲ್ಲೂ ಆ ಸಣ್ಣ ತುಣುಕು ಎಷ್ಟು ಸಲ ಬಂದಿದೆ ಅನ್ನುವ ಎರಡು ಸಂಖ್ಯೆ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಡಿ18ಎಸ್51 ಅನ್ನುವ ಜಾಗದಲ್ಲಿ ತಂದೆಯದು 12, 14. ತಾಯಿಯದು 15, 17. ಶವದ ಹಲ್ಲಿನಲ್ಲಿ ಕಂಡದ್ದು ಬರೀ 14. ಮಗ ಆಗಿದ್ದರೆ ತಾಯಿಯಿಂದ 15 ಅಥವಾ 17 ಬಂದಿರಲೇಬೇಕಲ್ಲ? ಅದು ಕಾಣುತ್ತಿಲ್ಲ. ಹಾಗಾದರೆ ತಾಯಿಗೆ ಹೊಂದುವುದಿಲ್ಲ ಅಂತ ಬರೆದುಬಿಡುವುದು ಸುಲಭ. ಆದರೆ ಐಡೆಂಟಿಫೈಲರ್ ಕಿಟ್ಟಿನಲ್ಲಿ ಈ ಜಾಗ ಇರುವುದು ಗ್ರಾಫಿನ ಬಲಗಡೆ, ಸುಮಾರು 260ರಿಂದ 345 ಬೇಸ್ ಉದ್ದದ ತುಂಡು. 17 ಅನ್ನುವುದು 14ಕ್ಕಿಂತ ಉದ್ದ. ಉದ್ದದ್ದು ಮೊದಲು ಮುರಿಯುತ್ತದೆ. ಆ 14ರ ಗೋಪುರವೂ ಗಿಡ್ಡಗಿದ್ದರೆ ಅದರ ಜೋಡಿ ಬಿದ್ದುಹೋಗಿರುವ ಸಾಧ್ಯತೆ ದೊಡ್ಡದು. ಎಡತುದಿಯ ಡಿ3ಎಸ್1358, ಡಿ8ಎಸ್1179ರಲ್ಲಿ ತಾಯಿ ತಂದೆ ಇಬ್ಬರೂ ಸರಿಯಾಗಿ ಹೊಂದಿ, ಬಲತುದಿಯಲ್ಲಿ ಮಾತ್ರ "ತಪ್ಪಿದರೆ" ಅದು ತಪ್ಪಲ್ಲ, ಬಿದ್ದುಹೋದದ್ದು. ಎಡತುದಿಯ ಎತ್ತರದ ಗೋಪುರಗಳಲ್ಲೇ ತಪ್ಪಿದ್ದರೆ ನಿಜಕ್ಕೂ ಬೇರೆಯವರು. ಒಂದೇ ಒಂದು ಕಡೆ ತಪ್ಪಿ ಉಳಿದದ್ದೆಲ್ಲ ಹೊಂದಿದರೆ ಅದು ಮ್ಯುಟೇಷನ್ (ಡಿಎನ್‌ಎಯಲ್ಲಿ ತಾನಾಗಿ ಆಗುವ ಬದಲಾವಣೆ) ಇರಬಹುದು. ಅದನ್ನೂ ಲೆಕ್ಕಕ್ಕೆ ಹಾಕಿದ್ದಾರಾ ಅಂತ ಕೇಳಿ.

ಇದರ ಉಲ್ಟಾ ಕೂಡ ಇದೆ. ಡಿಎನ್‌ಎ ತೀರಾ ಕಡಿಮೆ ಇದ್ದಾಗ ಇಲ್ಲದ ಗೋಪುರ ಏಳುತ್ತದೆ. ನಮ್ಮ ಒಂದು ಜೀವಕೋಶದಲ್ಲಿ ಇರುವುದು ಸುಮಾರು 6.6 ಪಿಕೊಗ್ರಾಂ ಡಿಎನ್‌ಎ. 100 ಪಿಕೊಗ್ರಾಂ ಅಂದರೆ ಹದಿನೈದು ಜೀವಕೋಶದಷ್ಟು. ಅಷ್ಟರಲ್ಲಿ ಯಾವ ತುಂಡು ಪಿಸಿಆರ್‌ಗೆ ಸಿಗುತ್ತದೆ ಅನ್ನುವುದು ಚೀಟಿ ಎತ್ತಿದ ಹಾಗೆ. ಅದಕ್ಕೇ ಇಂಥ ಸ್ಯಾಂಪಲನ್ನು ಎರಡು ಮೂರು ಸಲ ಓಡಿಸಿ, ಮತ್ತೆ ಮತ್ತೆ ಕಂಡದ್ದನ್ನು ಮಾತ್ರ ಒಪ್ಪಬೇಕು. ಒಂದೇ ಸಲ ಓಡಿಸಿ, ಅದೂ ಗಿಡ್ಡ ಗೋಪುರಗಳ ಮೇಲೆ "ಖಚಿತವಾಗಿ ಅದೇ ವ್ಯಕ್ತಿ" ಅಂತ ಬರೆದ ವರದಿಯನ್ನು ನಾನು ಒಪ್ಪುವುದಿಲ್ಲ. ಅದು ಯಾರ ಪರವಾಗಿ ಬಂದಿದ್ದರೂ ಅಷ್ಟೇ.

ಅರ್ಧ ಪ್ರೊಫೈಲಿಗೂ ಬೆಲೆ ಇದೆ. ಆ ಬೆಲೆ ಎಷ್ಟು ಅಂತ ಸಂಖ್ಯೆಯಲ್ಲಿ ಹೇಳಬೇಕು: ಈ ದಂಪತಿಯ ಮಗುವಾಗಿದ್ದರೆ ಹೀಗೆ ಬರುವ ಸಾಧ್ಯತೆ, ಯಾರೋ ಬೇರೆಯವರಾಗಿದ್ದರೆ ಬರುವ ಸಾಧ್ಯತೆಯ ಎಷ್ಟು ಪಟ್ಟು? ಆ ಸಂಖ್ಯೆ ಇಲ್ಲದೆ "ಹೊಂದಾಣಿಕೆ ಕಂಡುಬಂದಿದೆ" ಅಂತ ಮಾತ್ರ ಬರೆದಿದ್ದರೆ ವರದಿ ಅರ್ಧಕ್ಕೇ ನಿಂತಿದೆ.

ಮನೆಯವರ ಜೊತೆ ಹೊಂದಲಿಲ್ಲ ಅಂದಿದ್ದರೆ

ಯಾರ ರಕ್ತ ತೆಗೆದಿದ್ದರು ಅಂತ ನೋಡಿ. ತಾಯಿ ತಂದೆ ಇಬ್ಬರೂ ಇದ್ದರೆ ಬಹಳ ಗಟ್ಟಿ. ಬರೀ ಅಣ್ಣನ ಜೊತೆ ಹೋಲಿಸಿದ್ದರೆ, ಅದೂ ಅರ್ಧ ಪ್ರೊಫೈಲನ್ನು, ಆ ಫಲಿತಾಂಶದ ಮೇಲೆ ಜಾಸ್ತಿ ಭಾರ ಹಾಕಬೇಡಿ. ಅಣ್ಣತಮ್ಮಂದಿರು ಒಂದೇ ತಾಯಿ ತಂದೆಯಿಂದ ಬೇರೆ ಬೇರೆ ಪಾಲು ಪಡೆದಿರುತ್ತಾರೆ. ತಾಯಿ ಎಲ್ಲ ಕಡೆ ಹೊಂದಿ ತಂದೆ ಹಲವು ಕಡೆ ತಪ್ಪಿದರೆ, ದಯವಿಟ್ಟು ಅದನ್ನು ತೆರೆದ ಕೋರ್ಟಿನಲ್ಲಿ ಧುತ್ತನೆ ಓದಿ ಹೇಳಬೇಡಿ. ಮಗನನ್ನು ಕಳೆದುಕೊಂಡ ಮನೆಗೆ ಇನ್ನೊಂದು ಪೆಟ್ಟು ಬೀಳುತ್ತದೆ. ಸತ್ತವರ ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ, ಶೇವಿಂಗ್ ರೇಜರ್ ಇದ್ದರೆ ಅದರಿಂದ ನೇರವಾಗಿ ಹೋಲಿಸಬಹುದು. ಯಾರ ಮನಸ್ಸೂ ನೋಯುವುದಿಲ್ಲ.

ಇನ್ನೊಂದು ಕಡೆ ಎಡವುತ್ತಾರೆ. ಒಂದೇ ಮನೆಯ ಇಬ್ಬರು ಗಂಡುಮಕ್ಕಳು ಕಾಣೆಯಾಗಿದ್ದರೆ, ತಾಯಿ ತಂದೆಯ ರಕ್ತ ನೋಡಿ ಶವ ಅವರ ಮಗನದು ಅಂತ ಹೇಳಬಹುದು, ಯಾವ ಮಗ ಅಂತ ಹೇಳಲಾಗದು. ಅದಕ್ಕೆ ಹಲ್ಲು, ಎತ್ತರ, ವಯಸ್ಸು, ಹಳೆಯ ಮೂಳೆಮುರಿತ ನೋಡಬೇಕು.

ಲಿಂಗ ತಪ್ಪಾಗಿ ಬಂದಿದ್ದರೆ? ಮೂಳೆ ನೋಡಿದ ವೈದ್ಯರು ಗಂಡು ಅಂದಿದ್ದಾರೆ, ಡಿಎನ್‌ಎ ಹೆಣ್ಣು ಅಂದಿದೆ. ಸ್ಯಾಂಪಲ್ ಅದಲುಬದಲಾಗಿದೆ ಅಂತ ಕೂಗುವ ಮೊದಲು ಡಿಎನ್‌ಎಯಿಂದ ಲಿಂಗ ಹೇಳುವ ಅಮೆಲೋಜೆನಿನ್ ಪರೀಕ್ಷೆಯ ಬಗ್ಗೆ ತಿಳಿದಿರಿ. ಕೆಲವು ಗಂಡಸರಲ್ಲಿ ವೈ ಕ್ರೋಮೊಸೋಮಿನ ಆ ಭಾಗವೇ ಇರುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2002ರಲ್ಲಿ 270 ಭಾರತೀಯ ಗಂಡಸರಲ್ಲಿ 5 ಮಂದಿಗೆ ಹೀಗಿರುವುದನ್ನು ತೋರಿಸಿದರು. ವೈ ಕ್ರೋಮೊಸೋಮಿನ ಬೇರೆ ಜಾಗಗಳನ್ನು ಓದುವ ವೈ ಎಸ್‌ಟಿಆರ್ ಮಾಡಿಸಿದರೆ ಅನುಮಾನ ಬಗೆಹರಿಯುತ್ತದೆ.

ಎಸ್‌ಟಿಆರ್ ಸೋತ ಕಡೆ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್‌ಎ ಉಳಿದಿರಬಹುದು. ಒಂದು ಜೀವಕೋಶದಲ್ಲಿ ಅದರ ನೂರಾರು ಸಾವಿರಾರು ಪ್ರತಿಗಳಿರುತ್ತವೆ. ಆದರೆ ಅದು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ತಾಯಿ, ಅಜ್ಜಿ, ಸೋದರಮಾವ, ಚಿಕ್ಕಮ್ಮನ ಮಕ್ಕಳು ಎಲ್ಲರದೂ ಒಂದೇ. ಹಾಗಾಗಿ ಅದು "ಇವನೇ" ಅಂತ ಹೇಳಲಾರದು, "ಈ ಬಳ್ಳಿಯವನು" ಅಂತ ಹೇಳುತ್ತದೆ. ಒಂದು ಅಕ್ಷರ ವ್ಯತ್ಯಾಸ ಬಂದ ಕೂಡಲೇ ತಳ್ಳಿಹಾಕುವುದೂ ತಪ್ಪು. ರಷ್ಯಾದ ಕೊನೆಯ ತ್ಸಾರ್ ಎರಡನೇ ನಿಕೊಲಸ್‌ನ ಮೂಳೆಗಳನ್ನು 1991ರಲ್ಲಿ ಯೆಕಟೆರಿನ್‌ಬರ್ಗ್ ಹತ್ತಿರ ಹೊರತೆಗೆದಾಗ ಒಂದೇ ಜಾಗದಲ್ಲಿ ಎರಡು ಅಕ್ಷರ ಒಟ್ಟಿಗೆ ಕಂಡವು. ತಾಯಿಯ ಕಡೆಯ ನೆಂಟರಲ್ಲಿ ಒಂದೇ ಇತ್ತು. ಅನುಮಾನ ಎದ್ದಿತು. ಕೊನೆಗೆ ತಮ್ಮ ಜಾರ್ಜ್‌ನ ಸಮಾಧಿ ತೆಗೆದು ನೋಡಿದರೆ ಅವನಲ್ಲೂ ಅದೇ ಜಾಗದಲ್ಲಿ ಅದೇ ಎರಡು ಅಕ್ಷರ. ಅನುಮಾನಕ್ಕೆ ಕಾರಣವಾಗಿದ್ದದ್ದೇ ಗುರುತಿಗೆ ಗಟ್ಟಿ ಸಾಕ್ಷಿಯಾಯಿತು.

ಒಂದೇ ಗುಂಡಿಯಲ್ಲಿ ಹಲವರ ಮೂಳೆ ಇದ್ದರೆ, ತೊಡೆಮೂಳೆ ಒಬ್ಬರದು, ಹಲ್ಲು ಇನ್ನೊಬ್ಬರದು ಆಗಿರಬಹುದು. ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 1995ರಲ್ಲಿ ಕೊಂದವರನ್ನು ಹೂತು, ಆಮೇಲೆ ಯಂತ್ರಗಳಿಂದ ಅಗೆದು ಬೇರೆ ಗುಂಡಿಗಳಿಗೆ ಸಾಗಿಸಿದ್ದರು. ಒಬ್ಬರ ಮೂಳೆಗಳು ಎರಡು ಮೂರು ಗುಂಡಿಗಳಲ್ಲಿ ಸಿಕ್ಕವು. ಅವನ್ನು ಡಿಎನ್‌ಎ ಮೂಲಕವೇ ಒಟ್ಟುಗೂಡಿಸಿದರು. ಯಾವ ಗುಂಡಿಯಿಂದ ಯಾವ ಗುಂಡಿಗೆ ಸಾಗಿಸಿದರು ಅನ್ನುವುದಕ್ಕೂ ಹೇಗ್‌ನ ನ್ಯಾಯಮಂಡಳಿಯ ಮುಂದೆ ಅದು ಸಾಕ್ಷಿಯಾಯಿತು.

ಬರಬಾರದವರ ಡಿಎನ್‌ಎ ಬಂದಿದ್ದರೆ

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1997ರಲ್ಲಿ ಕಾಣೆಯಾದ ಒಂದು ಪುಟ್ಟ ಮಗುವಿನ ಶವ 1998ರ ಜನವರಿ 1ರಂದು ಅಣೆಕಟ್ಟಿನ ನೀರಿನಲ್ಲಿ ಸಿಕ್ಕಿತು. ಮಗುವಿನ ಬಟ್ಟೆಯಲ್ಲಿ ಒಬ್ಬ ಹೆಂಗಸಿನ ಡಿಎನ್‌ಎ ಸಿಕ್ಕಿತು. ಆಕೆಗೂ ಮಗುವಿಗೂ ಯಾವ ಸಂಬಂಧವೂ ಇರಲಿಲ್ಲ. ಬೇರೊಂದು ಅತ್ಯಾಚಾರ ಪ್ರಕರಣದಲ್ಲಿ ಆಕೆ ಸಂತ್ರಸ್ತೆ. ಆಕೆಯ ಸ್ಯಾಂಪಲ್ ಅದೇ ಲ್ಯಾಬಿನಲ್ಲಿ ಹೆಚ್ಚುಕಡಿಮೆ ಅದೇ ಸಮಯದಲ್ಲಿ ಪರೀಕ್ಷೆಯಾಗಿತ್ತು. ಲ್ಯಾಬಿನಲ್ಲೇ ಕಲಬೆರಕೆ ಆಗಿದೆ ಅಂತ 2006ರಲ್ಲಿ ಕೊರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ತೀರ್ಮಾನಿಸಿದರು.

ಕೊಳೆತ ಸ್ಯಾಂಪಲಿಗೆ ಈ ಅಪಾಯ ಜಾಸ್ತಿ. ಶವದ ಡಿಎನ್‌ಎ ಮುರಿದು ಕ್ಷೀಣವಾಗಿರುತ್ತದೆ, ಹೊರಗಿನಿಂದ ಬಿದ್ದದ್ದು ತಾಜಾ ಇರುತ್ತದೆ. ಪಿಸಿಆರ್ ತಾಜಾದ್ದನ್ನೇ ಎತ್ತಿ ಹಿಡಿಯುತ್ತದೆ. ಗ್ರಾಫಿನಲ್ಲಿ ಇದಕ್ಕೊಂದು ಸುಳಿವಿದೆ. ಆರು ತಿಂಗಳು ನೀರಲ್ಲಿದ್ದ ಮೂಳೆಯಿಂದ ಇಳಿಜಾರೇ ಇಲ್ಲದ, ಬಲತುದಿಯವರೆಗೆ ಎತ್ತರವಾಗಿ ನಿಂತ ಪ್ರೊಫೈಲ್ ಬಂದರೆ ಖುಷಿಪಡುವ ಮೊದಲು ಅನುಮಾನಪಡಿ. ಮೂಳೆಯ ಮೇಲ್ಪದರ ಉಜ್ಜಿ ತೆಗೆದು, ಬ್ಲೀಚಿನಲ್ಲಿ ತೊಳೆದು, ಆಮೇಲೆ ಪುಡಿ ಮಾಡಿದ್ದಾರಾ? ಮೂಳೆಯೇ ಇಲ್ಲದ ಖಾಲಿ ಟ್ಯೂಬನ್ನು ಅದೇ ದಿನ ಅದೇ ರೀತಿ ಓಡಿಸಿದ್ದಾರಾ, ಅದು ಖಾಲಿಯಾಗಿಯೇ ಬಂತಾ? ಶವಾಗಾರದ ಸಿಬ್ಬಂದಿ, ಲ್ಯಾಬಿನವರ ಪ್ರೊಫೈಲ್ ಜೊತೆ ಹೋಲಿಸಿದ್ದಾರಾ? ಈ ಮೂರು ಉತ್ತರ ಬರೆದು ಕೊಡಲಾಗದ ಲ್ಯಾಬಿನ ಫಲಿತಾಂಶವನ್ನು ಮತ್ತೊಂದು ಮೂಳೆಯಿಂದ ದೃಢಪಡಿಸದೆ ನಂಬಬಾರದು.

ಹೊಂದಿತು, ಆದರೂ ಕೋರ್ಟ್ ಒಪ್ಪಲಿಲ್ಲ

ವಿಜ್ಞಾನ ಸರಿಯಿದ್ದೂ ಕೇಸು ಬೀಳುವುದು ಇಲ್ಲಿ. ದೆಹಲಿಯ ಛಾವ್ಲಾ ಪ್ರಕರಣದಲ್ಲಿ, ಯುವತಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ಕೇಸು, ಮೂವರಿಗೆ ಗಲ್ಲು ಶಿಕ್ಷೆಯಾಗಿತ್ತು. ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಖುಲಾಸೆ ಮಾಡಿತು. 2012ರ ಫೆಬ್ರವರಿ 14 ಮತ್ತು 16ರಂದು ತೆಗೆದ ಸ್ಯಾಂಪಲ್‌ಗಳು ಲ್ಯಾಬಿಗೆ ಹೋದದ್ದು 27ಕ್ಕೆ. ಅಲ್ಲಿಯವರೆಗೆ ಠಾಣೆಯ ಮಾಲ್‌ಖಾನೆಯಲ್ಲೇ (ವಶಪಡಿಸಿಕೊಂಡ ವಸ್ತು ಇಡುವ ಕೋಣೆ) ಇದ್ದವು. ಕೈಯಾಡಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಅಂದಿತು ಕೋರ್ಟ್. ಇನ್ನೊಂದು ಮಾತನ್ನೂ ಸೇರಿಸಿತು: ಡಿಎನ್‌ಎ ವರದಿಯ ತೀರ್ಮಾನಕ್ಕೆ ಆಧಾರ ಏನು, ತಂತ್ರವನ್ನು ಸರಿಯಾಗಿ ಬಳಸಿದ್ದಾರಾ ಅಂತ ಕೆಳಗಿನ ಎರಡೂ ನ್ಯಾಯಾಲಯಗಳು ನೋಡಿಯೇ ಇಲ್ಲ.

2011ರಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಸುರುಳಿ ಜಲಪಾತದ ಬಳಿ ನಡೆದ ಜೋಡಿ ಕೊಲೆಯ ಕೇಸಿನಲ್ಲೂ, ಕಟ್ಟವೆಲ್ಲೈ ಪ್ರಕರಣ ಅಂತ ಕರೆಯುತ್ತಾರೆ, ಡಿಎನ್‌ಎ ಸಾಕ್ಷ್ಯ ನಿಲ್ಲಲಿಲ್ಲ. 2025ರ ಜುಲೈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ನಿಯಮ ಹೇಳಿತು. ಸ್ಯಾಂಪಲ್ ಪೊಟ್ಟಣದ ಮೇಲೆ ಎಫ್‌ಐಆರ್ ಸಂಖ್ಯೆ, ದಿನಾಂಕ, ತನಿಖಾಧಿಕಾರಿಯ ವಿವರ ಇರಬೇಕು. ತೆಗೆದ 48 ಗಂಟೆಯೊಳಗೆ ಲ್ಯಾಬ್ ತಲುಪಬೇಕು, ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ವಿಚಾರಣಾ ನ್ಯಾಯಾಲಯದ ಅನುಮತಿ ಇಲ್ಲದೆ ಪೊಟ್ಟಣ ತೆರೆಯುವಂತಿಲ್ಲ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ರಿಜಿಸ್ಟರ್ ಕೇಸಿನ ದಾಖಲೆಯ ಭಾಗ ಆಗಬೇಕು. ನನಗಂತೂ ಈ 48 ಗಂಟೆ ಕೊಳೆತ ಶವದ ಕೇಸಿನಲ್ಲಿ ಎರಡು ಪಟ್ಟು ಮುಖ್ಯ ಅನ್ನಿಸುತ್ತದೆ. ಬೇರೆ ಕೇಸಿನಲ್ಲಿ ತಡವಾದರೆ ಅನುಮಾನ ಹುಟ್ಟುತ್ತದೆ. ಇಲ್ಲಿ ತಡವಾದರೆ ಅನುಮಾನದ ಜೊತೆ ಡಿಎನ್‌ಎಯೂ ಹೋಗುತ್ತದೆ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಮಹಜರು, ಪೋಸ್ಟ್‌ಮಾರ್ಟಮ್, ಠಾಣೆಯ ಮುದ್ದೆಮಾಲು ಪುಸ್ತಕ, ಲ್ಯಾಬಿನ ಸ್ವೀಕೃತಿ ನಾಲ್ಕರ ದಿನಾಂಕವನ್ನೂ ಸೀಲಿನ ಗುರುತನ್ನೂ ಒಂದರ ಕೆಳಗೊಂದು ಬರೆಯಿರಿ. ಪೋಸ್ಟ್‌ಮಾರ್ಟಮ್‌ನಲ್ಲಿ "ಎರಡು ಹಲ್ಲು" ಅಂತಿದ್ದು ಲ್ಯಾಬಿನ ಸ್ವೀಕೃತಿಯಲ್ಲಿ "ಮೂಳೆ ತುಂಡು" ಅಂತಿದ್ದರೆ ಗ್ರಾಫ್ ನೋಡುವ ಮೊದಲೇ ಅದಕ್ಕೆ ಉತ್ತರ ಬೇಕು. ವರದಿ ತಾನಾಗಿಯೇ ಗುರುತು ಆಯಿತು ಅಂದುಕೊಂಡು ತಜ್ಞರನ್ನು ಕರೆಸದೆ ಬಿಡಬೇಡಿ. ಬಿಎಸ್‌ಎ (ಭಾರತೀಯ ಸಾಕ್ಷ್ಯ ಅಧಿನಿಯಮ) 39ನೇ ಕಲಮಿನ ಪ್ರಕಾರ ಅದು ತಜ್ಞರ ಅಭಿಪ್ರಾಯ. ಅಭಿಪ್ರಾಯದ ತೂಕವನ್ನು ಅದರ ಆಧಾರ ನೋಡಿಯೇ ಅಳೆಯಬೇಕು.

ಗುರುತು ಸಿಕ್ಕರೂ ಅದು ಹೇಳುವುದು ಸತ್ತವರು ಯಾರು ಅಂತ ಮಾತ್ರ. ಯಾವಾಗ, ಹೇಗೆ, ಯಾರಿಂದ ಅನ್ನುವುದು ಆ ಗ್ರಾಫಿನಲ್ಲಿ ಇಲ್ಲ.

ಡಿಎನ್‌ಎ ಬರಲೇ ಇಲ್ಲ, ಇನ್ನೇನು ದಾರಿ?

ಕೇಸು ಅಲ್ಲಿಗೇ ಮುಗಿಯುವುದಿಲ್ಲ. ಕೊಡೈಕೆನಾಲ್ ಕಾಡಿನಲ್ಲಿ 2001ರಲ್ಲಿ ಸಿಕ್ಕ ಶವದ ಕೇಸಿನಲ್ಲಿ, ಪಟ್ಟು ರಾಜನ್ ಪ್ರಕರಣ, ಡಿಎನ್‌ಎ ಮಾಡಿಸಿರಲೇ ಇಲ್ಲ. ಹೂತ ಶವ ಹೊರತೆಗೆದು, ತಲೆಬುರುಡೆಯನ್ನು ಫೋಟೊ ಜೊತೆ ಹೋಲಿಸಿದ್ದರು. ಬೇರೆ ಸಾಕ್ಷ್ಯವೂ ಇತ್ತು. ಡಿಎನ್‌ಎ ಇಲ್ಲದ್ದೇ ಕೇಸಿಗೆ ಮಾರಕ ಅಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯಂಗಳದಲ್ಲಿ 1991ರಲ್ಲಿ ಹೂತು, 1994ರಲ್ಲಿ ಹೊರತೆಗೆದ ಶವದ ಕೇಸಿನಲ್ಲಿ, ಸ್ವಾಮಿ ಶ್ರದ್ಧಾನಂದ ಪ್ರಕರಣ, ಡಿಎನ್‌ಎಯೂ ಇತ್ತು, ತಲೆಬುರುಡೆ ಹೋಲಿಕೆಯೂ ಇತ್ತು, ಹೊರತೆಗೆಯುವುದನ್ನು ವಿಡಿಯೊ ಮಾಡಿದ್ದರು. ಒಂದಕ್ಕೊಂದು ಆಸರೆಯಾಗಿ ನಿಂತವು.

ಮತ್ತೆ ಸ್ಯಾಂಪಲ್ ತೆಗೆಯಲು ಆಗುತ್ತದಾ ಅಂತ ಕೊನೆಗೂ ಕೇಳಿ. ಕೆರೆಯ ಆ ಶವವನ್ನು ವಾರಸುದಾರರಿಲ್ಲ ಅಂತ ಹೂತಿದ್ದರು, ಸುಟ್ಟಿರಲಿಲ್ಲ. ಅನುಮತಿ ಪಡೆದು ಮತ್ತೆ ತೆಗೆದರು. ಈ ಸಲ ಎರಡು ದವಡೆಹಲ್ಲು ಬಂದವು. ಕಾಗದದ ಲಕೋಟೆಯಲ್ಲಿ, ಒಣಗಿಸಿ, ಮಾರನೇ ದಿನವೇ. ಗ್ರಾಫ್ ಇಳಿಜಾರಾಗಿಯೇ ಇತ್ತು, ಬಲತುದಿಯ ಗೋಪುರಗಳು ಗಿಡ್ಡ. ಆದರೂ ಎಲ್ಲ ಜಾಗದಲ್ಲೂ ಗೋಪುರ ಇತ್ತು, ಮೂರು ಸಲ ಓಡಿಸಿದಾಗಲೂ. ತಾಯಿಯ ಅರ್ಧ ಪ್ರತಿಯೊಂದರಲ್ಲೂ ಕಂಡಿತು. ಮೊದಲ ವರದಿ ಬಂದ ದಿನ ಆ ತಾಯಿಗೆ ಯಾರೋ ಹೇಳಿದ್ದರಂತೆ, ಅದು ನಿಮ್ಮ ಮಗ ಅಲ್ಲ ಅಂತ. ಎಂಟು ತಿಂಗಳು ಅವರು ಮಗನ ಫೋನಿಗೆ ಕಾದಿದ್ದರು.